ಮಗಳಿಗೊಂದು ಪತ್ರ: ಆ ಮನೆ ಬಿದ್ದದ್ದು ಒಂದೇ ಸಲ

ಗೋಣಿಕೊಪ್ಪ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ನ್ಯೂಸ್ ಚಾನೆಲ್ ಡೆಸ್ಕಿಗೆ ಸೇರಿ ಇವತ್ತಿಗೆ ಹನ್ನೆರಡು ದಿನ. ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾಳೆ. ನಿನ್ನೆ ಫೋನಿನಲ್ಲಿ "ಅಪ್ಪಾ, ಇವತ್ತು ಬ್ರೇಕಿಂಗ್ ನ್ಯೂಸಿನ ಸಾಲು ನಾನೇ ಬರೆದೆ" ಅಂದೆಯಲ್ಲ, ಕೇಳಿ ತುಂಬಾ ಖುಷಿಯಾಯಿತು. ಆದರೆ ಮಲಗಿದ ಮೇಲೆ ನಿದ್ದೆ ಬರಲಿಲ್ಲ. 2018ರ ಆಗಸ್ಟ್ ತಿಂಗಳು, ನಮ್ಮ ಕೊಡಗಿನ ಮಳೆ, ಗುಡ್ಡ ಕುಸಿತ ಎಲ್ಲ ಕಣ್ಣಿಗೆ ಕಟ್ಟಿತು. ಅದನ್ನೆಲ್ಲ ಫೋನಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನೀನು ಎಂಟನೇ ಕ್ಲಾಸು. ಮಡಿಕೇರಿಯ ಇಳಿಜಾರಿನಲ್ಲಿದ್ದ ಎರಡಂತಸ್ತಿನ ಮನೆಯೊಂದು ಜಾರಿ ಕುಸಿದು ಬಿದ್ದ ವಿಡಿಯೋ ನಿನಗೆ ನೆನಪಿರಬಹುದು. ಕೆಲವೇ ಸೆಕೆಂಡಿನ ವಿಡಿಯೋ. ಆ ಮನೆ ಬಿದ್ದದ್ದು ಒಂದೇ ಸಲ. ಟಿವಿಯಲ್ಲಿ ಅದು ಬೆಳಿಗ್ಗೆ ಬಿತ್ತು, ಮಧ್ಯಾಹ್ನ ಬಿತ್ತು, ರಾತ್ರಿ ಊಟದ ಹೊತ್ತಿಗೂ ಬಿತ್ತು. ಹಿಂದಿನಿಂದ ಗುಡುಗಿನಂಥ ಸಂಗೀತ. ಕೆಳಗೆ ದಪ್ಪ ಅಕ್ಷರದಲ್ಲಿ "ಕೊಡಗು ಸರ್ವನಾಶ".

ಮೈಸೂರಿನ ಚಿಕ್ಕಪ್ಪನ ಮನೆಯಲ್ಲಿದ್ದ ಅಜ್ಜಿ ಅದನ್ನು ನೋಡುತ್ತಾ ಕೂತುಬಿಟ್ಟರು. ದಿನಕ್ಕೆ ಏಳೆಂಟು ಸಲ ಫೋನ್. "ಅವ್ವಾ, ನಮ್ಮಲ್ಲಿ ಮಳೆ ಜಾಸ್ತಿ ಇದೆ, ಕರೆಂಟ್ ಇಲ್ಲ, ಅಷ್ಟೇ. ನಮ್ಮ ಓಣಿಯಲ್ಲಿ ಒಂದು ಹೆಂಚೂ ಹಾರಿಲ್ಲ" ಅಂತ ಹೇಳಿ ಹೇಳಿ ಸಾಕಾಯಿತು. ಅವರು ನಂಬಲಿಲ್ಲ. "ನಾನು ಹೆದರುತ್ತೇನೆ ಅಂತ ಸುಮ್ನೆ ಹೇಳ್ತಿದ್ದೀಯ. ನಾನೇ ಕಣ್ಣಾರೆ ನೋಡ್ತಿದ್ದೀನಲ್ಲೋ" ಅಂದರು. ಹೆತ್ತ ತಾಯಿಗೆ ನನ್ನ ದನಿಗಿಂತ ಆ ಪರದೆ ಜಾಸ್ತಿ ನಿಜವಾಗಿತ್ತು. ಅವರದು ತಪ್ಪು ಅಂತ ನಾನು ಹೇಳುವುದಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಬೇಡಿ ಅಂತ ಎಂಬತ್ತು ವರ್ಷದ ಜೀವಕ್ಕೆ ಹೇಗೆ ಹೇಳುವುದು?

ಕೊಡಗಿನಲ್ಲಿ ಏನೂ ಆಗಿರಲಿಲ್ಲ ಅಂತ ತಿಳಿಯಬೇಡ. ಆಗಬಾರದ್ದು ಆಗಿತ್ತು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ, ಈ ಊರುಗಳಲ್ಲಿ ಗುಡ್ಡಕ್ಕೆ ಗುಡ್ಡವೇ ಇಳಿದು ಬಂತು. ಹದಿನೈದಕ್ಕೂ ಹೆಚ್ಚು ಜನ ಸತ್ತರು. ತೋಟ, ಗದ್ದೆ, ಮನೆ ಎಲ್ಲ ಹೋಗಿ ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋಯಿತು. ಆದರೆ ಕೊಡಗು ಅಂದರೆ 4,102 ಚದರ ಕಿಲೋಮೀಟರ್. ಜಾಸ್ತಿ ಅನಾಹುತ ಆದದ್ದು ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಗುಡ್ಡದ ಸಾಲಿನಲ್ಲಿ. ಆ ಊರುಗಳ ಹೆಸರು ಹೇಳಿ, ಒಂದು ಮ್ಯಾಪ್ ತೋರಿಸಿದ್ದರೆ ಅಜ್ಜಿಗೆ ಅರ್ಥವಾಗುತ್ತಿತ್ತು. ಮ್ಯಾಪ್ ತೋರಿಸಿದ ನೆನಪು ನನಗಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಆ ದೃಶ್ಯಗಳನ್ನು ನೋಡಿಯೇ ರಾಜ್ಯದ ಎಲ್ಲೆಲ್ಲಿಂದಲೋ ಅಕ್ಕಿ, ಕಂಬಳಿ, ಔಷಧಿ ತುಂಬಿದ ಲಾರಿಗಳು ಬಂದವು. ಕೊಡಗು ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲದವರೂ ಕಳಿಸಿದರು. ಟಿವಿ ಇಲ್ಲದಿದ್ದರೆ ಅಷ್ಟು ಬೇಗ ಅದು ಆಗುತ್ತಿರಲಿಲ್ಲ. ಅದಕ್ಕೇ ನೀನು ಈ ಕೆಲಸಕ್ಕೆ ಹೋಗುತ್ತೇನೆ ಅಂದಾಗ ನಾನು ಬೇಡ ಅನ್ನಲಿಲ್ಲ.

ನಾನೂ ನಮ್ಮ ವ್ಯಾಪಾರಸ್ಥರ ಜೊತೆ ಕಂಬಳಿ ತೆಗೆದುಕೊಂಡು ಒಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ. ಒಬ್ಬ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ರೇಷನ್ ಕಾರ್ಡು. ಒಬ್ಬ ಟಿವಿ ಹುಡುಗ ಮೈಕ್ ಹಿಡಿದು ಬೈಟ್, ಅಂದರೆ ಅವರ ಮಾತು, ತೆಗೆದುಕೊಳ್ಳಲು ಬಂದ. ಅಜ್ಜಿ ಎಲ್ಲ ಹೇಳಿ ಅತ್ತರು. ಮುಗಿದ ಮೇಲೆ ಕ್ಯಾಮೆರಾದವರು ಸೌಂಡ್ ಬಂದಿಲ್ಲ ಅಂದರು. "ಅಜ್ಜಿ, ಇನ್ನೊಂದು ಸಲ ಮೊದಲಿಂದ ಹೇಳಿ" ಅಂದ ಹುಡುಗ. ಅಜ್ಜಿ ಪಾಪ, ಮೊದಲಿಂದ ಹೇಳಿದರು. ಎರಡನೇ ಸಲ ಅವರಿಗೆ ಅಳು ಬರಲಿಲ್ಲ. ದನಿ ಒಣಗಿತ್ತು. ಹುಡುಗ ಅರ್ಧಕ್ಕೇ ಮೈಕ್ ತೆಗೆದುಕೊಂಡು ಪಕ್ಕದಲ್ಲಿ ಅಳುತ್ತಿದ್ದ ಇನ್ನೊಬ್ಬರ ಹತ್ತಿರ ಹೋದ. ಅಜ್ಜಿ ಮಾತು ನಿಲ್ಲಿಸದೆ ಖಾಲಿ ಜಾಗ ನೋಡಿಕೊಂಡು ಹೇಳುತ್ತಲೇ ಇದ್ದರು. ಆ ಹುಡುಗ ಕೆಟ್ಟವನಲ್ಲ ಪುಟ್ಟಿ. ಅವನಿಗೂ ನಿನ್ನದೇ ವಯಸ್ಸು. ಬೆಂಗಳೂರಿನಿಂದ ಯಾರೋ ಅವನನ್ನು ಅವಸರ ಮಾಡುತ್ತಿದ್ದರು. ಇವತ್ತು ಆ ಬೆಂಗಳೂರಿನ ಕಡೆಯ ಕುರ್ಚಿಯಲ್ಲಿ ನೀನು ಕೂತಿದ್ದೀಯ.

ಇನ್ನೊಂದು ವಿಷಯ. ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಇದ್ದವರು ಟಿವಿಯಲ್ಲಿ ಎಷ್ಟು ಸಲ ಕಂಡರು? ನಾನು ನೋಡಿದ್ದು ತೀರಾ ಕಡಿಮೆ. ತೋಟ ಹೋದರೆ ಅವರ ಕೂಲಿ ಹೋಯಿತು. ಕೂಲಿ ಹೋಗುವುದನ್ನು ಯಾವ ಕ್ಯಾಮೆರಾದಲ್ಲಿ ತೋರಿಸೋದು? ಗೋಡೆ ಕುಸಿದರೆ ದೃಶ್ಯ, ಒಲೆ ಹತ್ತದಿದ್ದರೆ ದೃಶ್ಯವಲ್ಲ.

ನಮ್ಮ ಅಂಗಡಿಯ ಕಥೆ ನಿನಗೆ ಗೊತ್ತೇ ಇದೆ. ಪ್ರವಾಸಿಗರು ಕೆಲವು ದಿನ ಬರಬೇಡಿ ಅಂತ ಜಿಲ್ಲಾಡಳಿತವೇ ಹೇಳಿತ್ತು, ಅದು ಸರಿಯಾದ ಮಾತು. ಆದರೆ ಮಳೆ ನಿಂತು ಅಕ್ಟೋಬರ್ ಬಂದರೂ ಜನ ಬರಲಿಲ್ಲ. ಇರ್ಪು ಜಲಪಾತ, ನಾಗರಹೊಳೆ ಕಡೆ ಹೋಗುವ ಕಾರುಗಳು ನಮ್ಮ ಅಂಗಡಿ ಮುಂದೆ ನಿಂತು ಕಾಫಿ ಪುಡಿ, ಜೇನು, ಕಾಳುಮೆಣಸು ಒಯ್ಯುತ್ತಿದ್ದವಲ್ಲ, ಆ ಜಾಗದಲ್ಲಿ ನಾಯಿಗಳು ಮಲಗುತ್ತಿದ್ದವು. ಪ್ರತಿ ವರ್ಷ ಬರುವ ಬೆಂಗಳೂರಿನ ಗಿರಾಕಿಯೊಬ್ಬರು ಫೋನ್ ಮಾಡಿ, "ನಿಮ್ಮ ಊರು ಉಳಿದಿದೆಯಾ?" ಅಂದರು. ಪ್ರೀತಿಯಿಂದಲೇ ಕೇಳಿದ್ದು. ಆ ವರ್ಷ ಅಮ್ಮನ ಎರಡು ಬಳೆ ಅಡವಿಟ್ಟು ನಿನ್ನ ಫೀಸ್ ಕಟ್ಟಿದೆವು.

ಹೀಗೆ ಯಾಕೆ ಮಾಡುತ್ತಾರೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ಜಾಹೀರಾತಿನ ದುಡ್ಡು ರೇಟಿಂಗ್ ನೋಡಿಕೊಂಡು ಬರುತ್ತದೆ. ರೇಟಿಂಗ್ ಅಳೆಯುವ ಮೀಟರ್ ಇರುವುದು ದೇಶದ ಕೋಟಿಗಟ್ಟಲೆ ಟಿವಿ ಮನೆಗಳಲ್ಲಿ ಕೆಲವು ಹತ್ತು ಸಾವಿರ ಮನೆಗಳಲ್ಲಿ ಮಾತ್ರ. ಆ ಮನೆಯವರು ಚಾನೆಲ್ ಬದಲಾಯಿಸಬಾರದು ಅಂದರೆ ಮಡಿಕೇರಿಯ ಆ ಮನೆ ಮತ್ತೆ ಮತ್ತೆ ಬೀಳಬೇಕು. ನೀನು ಇಲ್ಲೇ ಬಿಟ್ಟುಹೋದ ಕಾಲೇಜು ನೋಟ್ಸಿನಲ್ಲಿ ಜಾರ್ಜ್ ಗರ್ಬ್ನರ್ ಅನ್ನುವ ಮಾಧ್ಯಮ ಸಂಶೋಧಕರ ಬಗ್ಗೆ ಓದಿದೆ. ಟಿವಿ ಜಾಸ್ತಿ ನೋಡುವವರಿಗೆ ಲೋಕ ಇರುವುದಕ್ಕಿಂತ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ ಅಂತ ಅವರು ಅಮೆರಿಕದಲ್ಲಿ 1970ರ ದಶಕದಲ್ಲೇ ಹೇಳಿದ್ದರಂತೆ. ಓದುವಾಗ ನನಗೆ ಅಜ್ಜಿಯೇ ಕಂಡರು, ರಿಮೋಟ್ ಮಡಿಲಲ್ಲಿ ಇಟ್ಟುಕೊಂಡು.

ಭಯವೂ ಹಳೆಯದಾಗುತ್ತದೆ, ಅದೇ ಇನ್ನೂ ದೊಡ್ಡ ಅಪಾಯ. 2019ರ ಆಗಸ್ಟಿನಲ್ಲಿ ಮತ್ತೆ ಮಳೆ ಹಿಡಿದಾಗ ಅಂಗಡಿಗೆ ಬಂದವರೊಬ್ಬರು, "ಹೋದ ವರ್ಷವೂ ಹೀಗೇ ಕಿರುಚಿದ್ದರು, ನಮಗೇನಾಯ್ತು?" ಅಂದರು. ನಾನೂ ಹೌದು ಅಂದೆ. ಆ ಸಲ ಗುಡ್ಡ ಕುಸಿದದ್ದು ಆಗ ನಮ್ಮದೇ ಆಗಿದ್ದ ವಿರಾಜಪೇಟೆ ತಾಲ್ಲೂಕಿನ ತೋರ ಅನ್ನುವ ಊರಿನಲ್ಲಿ. ಹಲವರು ಮಣ್ಣಿನಡಿ ಹೋದರು. ಆ "ಹೌದು" ಅಂದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈಗ ನಿನ್ನ ವಿಷಯ. 2018ರಲ್ಲಿ ನನ್ನ ಫೋನಿಗೆ ಒಂದು ಫೋಟೋ ಬಂದಿತ್ತು. ನೀರಿನಲ್ಲಿ ಮುಳುಗಿದ ಪೇಟೆ, ಕೆಳಗೆ "ಇದು ನಮ್ಮ ಕೊಡಗು, ಎಲ್ಲರಿಗೂ ಕಳಿಸಿ" ಅಂತ. ನಾನು ಕಳಿಸುವುದರಲ್ಲಿದ್ದೆ. ನೀನು ಹೆಗಲ ಮೇಲಿಂದ ಬಗ್ಗಿ ನೋಡಿ, ಫೋಟೋ ದೊಡ್ಡದು ಮಾಡಿ, "ಅಪ್ಪಾ, ಈ ಅಂಗಡಿ ಬೋರ್ಡು ಮಲಯಾಳದಲ್ಲಿದೆ ಅಲ್ವಾ?" ಅಂದೆ. ಅದೇ ವಾರ ಕೇರಳವೂ ಮುಳುಗಿತ್ತು. ಆ ಬೋರ್ಡು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆ ಕಣ್ಣನ್ನು ಬೆಂಗಳೂರಿಗೆ ತೆಗೆದುಕೊಂಡು ಹೋಗಿದ್ದೀಯ ಅಲ್ವಾ ಪುಟ್ಟಿ? ಅದನ್ನು ಆಫೀಸಿನ ಹೊರಗೆ ಚಪ್ಪಲಿ ಜೊತೆ ಬಿಡಬೇಡ. ಸಾಲು ಬರೆಯುವಾಗ ಜಿಲ್ಲೆಯ ಹೆಸರು ಹಾಕುವ ಮೊದಲು ಊರಿನ ಹೆಸರು ಕೇಳು. ಹಳೆಯ ದೃಶ್ಯವಾದರೆ ಯಾವ ದಿನದ್ದು ಅಂತ ಹಾಕಿಸು. ಹೊಸಬಳ ಮಾತು ಯಾರು ಕೇಳುತ್ತಾರೆ ಅನ್ನಬೇಡ, ನೀನು ಎಂಟನೇ ಕ್ಲಾಸಿನಲ್ಲಿದ್ದಾಗಲೇ ನಿನ್ನ ಮಾತು ನಾನು ಕೇಳಿದ್ದೆ.

ಇಲ್ಲಿ ನಿನ್ನೆಯಿಂದ ಮಳೆ ಹಿಡಿದಿದೆ. ನಿನ್ನ ಡೆಸ್ಕಿಗೆ ಕೊಡಗಿನ ವಿಡಿಯೋ ಯಾವುದಾದರೂ ಬಂದರೆ ನನಗೆ ಕಳಿಸು. ಯಾವ ಊರು, ಯಾವ ತಿರುವು ಅಂತ ನನಗೆ ಗೊತ್ತಾಗದಿದ್ದರೆ ಬಸ್ ಡ್ರೈವರ್‌ಗಳನ್ನು ಕೇಳಿ ಹೇಳುತ್ತೇನೆ. ಒಂಬತ್ತಕ್ಕೆ ಅಂಗಡಿ ಮುಚ್ಚುತ್ತೇನೆ. ಫೋನ್ ತಲೆದಿಂಬಿನ ಹತ್ತಿರವೇ ಇರುತ್ತದೆ, ಎಷ್ಟು ಹೊತ್ತಿಗಾದರೂ ಮಾಡು.

ಇಂತಿ,
ನಿನ್ನ ಅಪ್ಪ