ಬಂಡೆಗೂ ನಕ್ಷೆಯಲ್ಲಿ ಜಾಗ ಕೊಡಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ನಿಮ್ಮದೇ ಕ್ಷೇತ್ರದ ಅಡಿಕೆ ಬೆಳೆಗಾರ್ತಿ. 2022ರ ಅಕ್ಟೋಬರಿನಲ್ಲಿ ಮಗಳ ಮನೆಗೆಂದು ಅಮೆರಿಕದ ಪಿಟ್ಸ್‌ಬರ್ಗಿಗೆ ಹೋಗಿದ್ದಾಗ, ಅಲ್ಲಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಕಾಡಿನೊಳಗಿರುವ ‘ಫಾಲಿಂಗ್‌ವಾಟರ್’ ಎಂಬ ಮನೆಯನ್ನು ನೋಡಿ ಬಂದೆ. ನಿಮಗೆ ಬರೆಯಬೇಕೆಂದು ಅಂದಿನಿಂದಲೂ ಅಂದುಕೊಳ್ಳುತ್ತಿದ್ದೆ. ಈ ಮಳೆಗಾಲದಲ್ಲಿ ನಮ್ಮೂರಿನ ಧರೆ ಕುಸಿದ ಮೇಲೆ ಇನ್ನು ಸುಮ್ಮನಿರಲಾಗಲಿಲ್ಲ.

ಬೇರ್ ರನ್ ಎಂಬ ಹಳ್ಳ ಬಂಡೆಯಿಂದ ಧುಮುಕುವ ಕಡೆಯೇ ಆ ಮನೆ ಇದೆ. ಪಿಟ್ಸ್‌ಬರ್ಗಿನ ವ್ಯಾಪಾರಿ ಕೌಫ್‌ಮನ್ ಅವರ ಕುಟುಂಬಕ್ಕಾಗಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಅದನ್ನು ರೂಪಿಸಿದರು. ಜಲಪಾತ ಎದುರಿಗೆ ಕಾಣುವಂತೆ ಮನೆ ಬರುತ್ತದೆಂದು ಕುಟುಂಬದವರು ಎಣಿಸಿದ್ದರು. ರೈಟ್ ಅದನ್ನು ಜಲಪಾತದ ನೆತ್ತಿಯ ಮೇಲೆಯೇ ಕೂರಿಸಿದರು. ನಡುಮನೆಯಲ್ಲಿ ನಿಂತರೆ ಅಬ್ಬಿ ಕಾಣುವುದಿಲ್ಲ, ಸದ್ದು ಮಾತ್ರ ಬಿಡದೆ ಕೇಳುತ್ತದೆ. ಗೋಡೆಯ ಕಲ್ಲೂ ಅದೇ ಜಾಗದ್ದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳಗಿನ ಅಗ್ಗಿಷ್ಟಿಕೆ. ಅದರ ಬುಡದಲ್ಲಿ ನೆಲದಿಂದ ಒಂದು ಬಂಡೆ ಎದ್ದಿದೆ. ಮನೆಗಿಂತ ಎಷ್ಟೋ ಹಿಂದಿನಿಂದ ಅಲ್ಲೇ ಇದ್ದ ಬಂಡೆ. ಕೌಫ್‌ಮನ್ ಕುಟುಂಬದವರು ಅದರ ಮೇಲೆ ಬಿಸಿಲು ಕಾಯಿಸುತ್ತಿದ್ದರಂತೆ. ಅದನ್ನು ಒಡೆಯದೆ ಸುತ್ತಲೂ ಮನೆ ಕಟ್ಟಿದರು. ನೆಲದ ಚಪ್ಪಡಿಗಳಿಗೆಲ್ಲ ಮೇಣ ಹಚ್ಚಿ ಹೊಳಪು ಕೊಟ್ಟಿದ್ದಾರೆ, ಬಂಡೆಯನ್ನು ಇದ್ದ ಹಾಗೆಯೇ ಬಿಟ್ಟಿದ್ದಾರೆ. ಹಾಗಾಗಿ ನೆಲವೆಲ್ಲ ಹರಿಯುವ ನೀರು, ನಡುವೆ ತಲೆಯೆತ್ತಿದ ಒಣಕಲ್ಲು ಎನ್ನಿಸುತ್ತದೆ. ನಮ್ಮ ತೋಟದ ಹಳ್ಳದಲ್ಲಿ ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು ನೆನಪಾಗಿ ಕಣ್ಣು ತುಂಬಿತು. ಹೊರಗೆ ದಾರಿಯ ಮೇಲಿನ ಕಾಂಕ್ರೀಟ್ ತೊಲೆಯೊಂದನ್ನು ಮರಕ್ಕೆ ಜಾಗ ಬಿಡಲೆಂದೇ ಅರ್ಧಚಂದ್ರದಂತೆ ಬಾಗಿಸಿದ್ದಾರೆ.

ಮನೆಯ ನಕ್ಷೆ ಬರೆಯುವ ಮೊದಲು, 1935ರಲ್ಲಿ, ಆ ಜಾಗದ ಏರುತಗ್ಗು, ಬಂಡೆ, ಮರಗಳನ್ನೆಲ್ಲ ಗುರುತಿಸಿದ ಸರ್ವೆ ನಕ್ಷೆಯೊಂದನ್ನು ಮಾಡಿಸಿದ್ದರು. ನಮ್ಮಲ್ಲಿ ಮೊದಲು ಬರುವುದು ಜೆಸಿಬಿ. ನಮ್ಮೂರಿನಲ್ಲಿ ಒಂದು ರೆಸಾರ್ಟಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿದು ಮಟ್ಟ ಮಾಡಿದರು, ಆ ಮಣ್ಣನ್ನು ಝರಿಗೆ ತಳ್ಳಿದರು. ಜುಲೈ ಮಳೆಗೆ ಧರೆ ರಸ್ತೆಗೆ ಬಂತು. ಶಾಲೆಯ ಮಕ್ಕಳು ಹದಿನೈದು ದಿನ ಗದ್ದೆಯ ಅಂಚಿನಲ್ಲಿ ಸುತ್ತುಬಳಸಿ ನಡೆದರು. 2018ರ ಕೊಡಗನ್ನು ಕಂಡ ಮೇಲೂ ನಾವು ಹೀಗಿದ್ದೇವೆ.

ಪ್ರವಾಸೋದ್ಯಮ ಬೇಡವೆನ್ನುವವಳಲ್ಲ ನಾನು. ಆ ಮನೆ 1964ರಿಂದ ಜನರಿಗೆ ತೆರೆದಿದೆ, 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅದನ್ನೇ ಇಲ್ಲಿ ನಕಲು ಮಾಡಿ ಎಂದೂ ಹೇಳುವುದಿಲ್ಲ. ಹಳ್ಳದ ಮೇಲೆ ಮುಂದಕ್ಕೆ ಚಾಚಿದ ಅದರ ಕಾಂಕ್ರೀಟ್ ಭಾಗ ಏಳು ಅಂಗುಲದಷ್ಟು ಜಗ್ಗಿ, 2002ರಲ್ಲಿ ಉಕ್ಕಿನ ಹಗ್ಗ ಬಿಗಿದು ನಿಲ್ಲಿಸಬೇಕಾಯಿತು. ನಮ್ಮ ಮಳೆಗೆ ನಮ್ಮ ಹಂಚಿನ ಇಳಿಮಾಡೇ ಸರಿ.

ನಾನು ಕೇಳುವುದು ಒಂದನ್ನೇ. ಇಳಿಜಾರಿನಲ್ಲಿ ರೆಸಾರ್ಟ್, ಹೋಂಸ್ಟೇ ಕಟ್ಟುವವರು ಅರ್ಜಿಯ ಜೊತೆಗೆ ಅಲ್ಲಿನ ಮರ, ಬಂಡೆ, ಝರಿ, ಮಳೆನೀರಿನ ಹಾದಿಯನ್ನು ಗುರುತಿಸಿದ ಸರ್ವೆ ನಕ್ಷೆಯನ್ನೂ ಕೊಡುವುದು ಕಡ್ಡಾಯವಾಗಲಿ. ಸ್ಥಳ ನೋಡದೆ ಯಾರೂ ಪರವಾನಗಿಗೆ ಸಹಿ ಹಾಕದಿರಲಿ. ದಯವಿಟ್ಟು ಮುಂದಿನ ಅಧಿವೇಶನದಲ್ಲಿ ಈ ಮಾತನ್ನು ಎತ್ತಿ.

ನಮ್ಮ ಹಳ್ಳದ ಆಚೆ ದಡದ ಗುಡ್ಡಕ್ಕೂ ಈಗ ಅರ್ಜಿ ಬಿದ್ದಿದೆಯಂತೆ. ಜೆಸಿಬಿ ಬರುವ ಮೊದಲು ನೀವೊಮ್ಮೆ ಬನ್ನಿ. ಅಲ್ಲಿನ ಮರಗಳನ್ನು ಎಣಿಸಲು ನಾನೇ ಜೊತೆಗೆ ಬರುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು