ಹತ್ತು ವರ್ಷ, ಮತ್ತು ನಮ್ಮ ಅರ್ಧಂಬರ್ಧ ಆಟಗಳನ್ನು ಆಡಿದವರು

ನಮ್ಮ ವಿಡಿಯೋ ಗೇಮ್ ಡಿಸೈನ್ ಕೋರ್ಸಿಗೆ ಈ ತಿಂಗಳು ಹತ್ತು ವರ್ಷ ತುಂಬಿತು. ಹೋದ ವಾರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ಮೊದಲ ಬ್ಯಾಚಿನವರು ಮಾಡಿದ ಆಟವೊಂದನ್ನು ಲ್ಯಾಬಿನ ದೊಡ್ಡ ಪರದೆಗೆ ಹಾಕಿದರು. ಆಟ ಮುಗಿದ ಮೇಲೆ ಹೆಸರುಗಳು ಮೇಲಕ್ಕೆ ಸರಿಯತೊಡಗಿದವು. ಕೋಡ್ ಬರೆದವರು, ಚಿತ್ರ ಬಿಡಿಸಿದವರು, ಸದ್ದು ಕೂಡಿಸಿದವರು. ಆರೇ ಹೆಸರು. ಅರ್ಧ ನಿಮಿಷದಲ್ಲಿ ಪರದೆ ಕಪ್ಪಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಆ ಆಟ ನಿಂತದ್ದು ಆರು ಜನರಿಂದ ಮಾತ್ರ ಅಲ್ಲ. ಉಳಿದವರು ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಆಟಗಳ ಲೋಕದಲ್ಲಿ ಇದು ಹಳೆಯ ನೋವು. 1970ರ ದಶಕದಲ್ಲಿ ಅಟಾರಿ ಕಂಪನಿ ತನ್ನ ಆಟಗಳಲ್ಲಿ ಅವುಗಳನ್ನು ಮಾಡಿದವರ ಹೆಸರು ಹಾಕುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ವಾರನ್ ರಾಬಿನೆಟ್ 'ಅಡ್ವೆಂಚರ್' ಎಂಬ ಆಟ ಮಾಡುವಾಗ ಯಾರಿಗೂ ಹೇಳದೆ ಅದರೊಳಗೆ ಒಂದು ಗುಟ್ಟಿನ ಕೋಣೆ ಇಟ್ಟರು. ಕಣ್ಣಿಗೆ ಬೀಳುವುದೇ ಕಷ್ಟ ಎನ್ನುವಂಥ ಒಂದು ಚುಕ್ಕಿಯನ್ನು ಹುಡುಕಿ ತಂದರೆ ಮಾತ್ರ ಆ ಕೋಣೆಗೆ ದಾರಿ. ಒಳಗೆ ಹೋದರೆ ಅವರ ಹೆಸರು ಮಿನುಗುತ್ತಿತ್ತು. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಈ ಕಥೆ ಹೇಳುತ್ತೇನೆ. ಹೇಳಿದ ಮೇಲೆ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ. ಅಂಥ ಕಥೆ ಹೇಳುವ ನಾನೇ ಹತ್ತು ವರ್ಷ ಎಷ್ಟೊಂದು ಜನರನ್ನು ಪಟ್ಟಿಯಿಂದ ಹೊರಗೆ ಬಿಟ್ಟಿದ್ದೆ. ಅದಕ್ಕೇ ಇದನ್ನು ಬರೆಯಲು ಕೂತೆ.

ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಊರೆಲ್ಲ ಓದುವ ಕಡೆ ಹೆಸರು ಬೇಡ ಅಂತ ಹಲವರು ಹೇಳಿದರು. ಹೆಸರುಗಳು ಲ್ಯಾಬಿನ ಗೋಡೆಯ ಮೇಲಿವೆ. ಓದುತ್ತಾ ಹೋದರೆ ನಿಮ್ಮ ವಿಷಯ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಮೊದಲು, ನಮ್ಮ ಲ್ಯಾಬ್ ಗುಡಿಸಿ ಒರೆಸುವ ಅಕ್ಕನಿಗೆ.

ಮೊದಲ ವರ್ಷ ನಮಗೆ ಪ್ಲೇಟೆಸ್ಟ್ ಮಾಡುವುದೇ, ಅಂದರೆ ಮುಗಿಯದ ಆಟವನ್ನು ಬೇರೆಯವರ ಕೈಲಿ ಆಡಿಸಿ ನೋಡುವುದೇ ಸರಿಯಾಗಿ ಗೊತ್ತಿರಲಿಲ್ಲ. ಒಂದು ತಂಡದ ಆಟವನ್ನು ಇನ್ನೊಂದು ತಂಡ ಆಡುತ್ತಿತ್ತು. ಎಲ್ಲರೂ ಸಣ್ಣ ವಯಸ್ಸಿನಿಂದ ಆಟ ಆಡಿ ಬಂದವರು. ಯಾರಿಗೂ ಎಲ್ಲೂ ತೊಡಕಾಗುತ್ತಿರಲಿಲ್ಲ. 'ಚೆನ್ನಾಗಿದೆ' ಅಂತ ಬರೆದುಕೊಟ್ಟು ಹೋಗುತ್ತಿದ್ದರು. ಒಂದು ಸಂಜೆ ಅಕ್ಕ ಕೆಲಸ ಮುಗಿಸಿ ನಿಂತು ನೋಡುತ್ತಿದ್ದರು. 'ಆಡ್ತೀರಾ ಅಕ್ಕ?' ಅಂತ ಕೇಳಿದೆವು. ಕೈ ಒರೆಸಿಕೊಂಡು ಕೂತರು. ಕಂಟ್ರೋಲರ್ ಹಿಡಿದದ್ದು ಅದೇ ಮೊದಲು.

ಆಟದಲ್ಲಿ ಹುಡುಗನೊಬ್ಬ ಪರದೆಯ ನಟ್ಟನಡುವೆ ನಿಂತಿದ್ದ. ಅವನು ಬಲಕ್ಕೆ ಹೋಗಬೇಕು. ಅಕ್ಕ ಎಡಕ್ಕೆ ಹೋದರು. ಅಲ್ಲಿ ಗೋಡೆ. ಇನ್ನೊಮ್ಮೆ ಎಡಕ್ಕೇ ಹೋದರು. ಆಟ ಮಾಡಿದ ಹುಡುಗ ಬಾಯಿ ತೆರೆದ. ಸುಮ್ಮನಿರು ಅಂತ ಸನ್ನೆ ಮಾಡಿದೆ. ನಾಲ್ಕು ನಿಮಿಷ ಅಕ್ಕ ಆ ಗೋಡೆಗೆ ಬಡಿಯುತ್ತಲೇ ಇದ್ದರು. ನೋಡುತ್ತಾ ಕೂರುವುದು ನಿಜಕ್ಕೂ ಕಷ್ಟ. ಕೊನೆಗೆ ಅಕ್ಕ ತಿರುಗಿ, 'ಎಲ್ಲಿಗೆ ಹೋಗಬೇಕು ಅಂತ ಇವನಿಗೇ ಗೊತ್ತಿಲ್ಲ ಅಲ್ವಾ?' ಅಂದರು.

ಅಕ್ಕನಿಗೆ ಗೊತ್ತಾಗಲಿಲ್ಲ ಅಂತಲ್ಲ, ಆಟವೇ ಹೇಳಿರಲಿಲ್ಲ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಶುರುವಾಗುವಾಗ ಮಾರಿಯೋ ಪರದೆಯ ಎಡಕ್ಕೆ, ಬಲಕ್ಕೆ ಮುಖ ಮಾಡಿ ನಿಂತಿರುತ್ತಾನೆ. ಅವನ ಮುಂದೆ ಖಾಲಿ ಜಾಗ. ಒಂದು ಅಕ್ಷರವೂ ಇಲ್ಲದೆ ದಾರಿ ತಿಳಿಯುತ್ತದೆ. ಇದನ್ನು ನಾನು ಕ್ಲಾಸಿನಲ್ಲಿ ಸ್ಲೈಡ್ ಹಾಕಿ ಪಾಠ ಮಾಡಿದ್ದೆ. ಮಕ್ಕಳು ನೋಟ್ಸ್ ಬರೆದುಕೊಂಡಿದ್ದರು. ಆದರೂ ತಮ್ಮ ಹುಡುಗನನ್ನು ನಡುವೆ ನಿಲ್ಲಿಸಿದ್ದರು. ಆ ರಾತ್ರಿ ಅವನನ್ನು ಎಡಕ್ಕೆ ಸರಿಸಿದರು. ಮರುದಿನ ಅಕ್ಕ ಮತ್ತೆ ಆಡಿದರು, ನೇರ ಬಲಕ್ಕೆ ಹೋದರು. ಆ ತಂಡದ ಮುಖ ನೋಡಬೇಕಿತ್ತು ನೀವು.

ಅವತ್ತಿನಿಂದ ನಮ್ಮಲ್ಲಿ ಒಂದೇ ನಿಯಮ. ಯಾರಾದರೂ ನಿಮ್ಮ ಆಟ ಆಡುತ್ತಿರುವಾಗ ಬಾಯಿ ಬಿಡಬಾರದು. ಕೈ ಚಾಚಬಾರದು. ಪೆನ್ನು ಹಿಡಿದು ನೋಡುತ್ತಾ ಕೂರಬೇಕು. ಈ ಕೋರ್ಸಿನಲ್ಲಿ ನಾವು ಕಲಿಸುವುದರಲ್ಲಿ ಇದೇ ದೊಡ್ಡದು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆಟ ಕಟ್ಟುವ ಸಾಫ್ಟ್‌ವೇರ್, ಅಂದರೆ ಇಂಜಿನ್ ಬದಲಾಗುತ್ತದೆ, ಕೋಡಿನ ಭಾಷೆ ಬದಲಾಗುತ್ತದೆ, ಸುಮ್ಮನೆ ಕೂತು ನೋಡುವ ಕೆಲಸ ಮಾತ್ರ ಬದಲಾಗುವುದಿಲ್ಲ. ಅದನ್ನು ಕಲಿಸಿಕೊಟ್ಟದ್ದು ನೀವು, ಅಕ್ಕ.

ನಿಮ್ಮ ಹಿಂದೆಯೇ ಇನ್ನೂ ಎಷ್ಟೋ ಜನ ಬಂದರು. ಗೇಟಿನ ಕಾವಲಿನವರು, ಲೈಬ್ರರಿಯವರು, ಪಕ್ಕದ ವಿಭಾಗದ ಮೇಷ್ಟ್ರುಗಳು, ವಿದ್ಯಾರ್ಥಿಗಳ ತಮ್ಮ ತಂಗಿಯರು. ಅರ್ಧ ಗಂಟೆ ಕೂತು, ಬೂದು ಬಣ್ಣದ ಡಬ್ಬಿಗಳು ಮಾತ್ರ ಇರುವ ಲೆವೆಲ್ಲಿನಲ್ಲಿ ಓಡಾಡಿ, ನೆಲದೊಳಗೆ ಬಿದ್ದು, ಮತ್ತೆ ಮೊದಲಿಂದ ಶುರು ಮಾಡಿದವರು. ಮುಗಿದ ಆಟವನ್ನು ಆಡಲು ಯಾರಾದರೂ ಬರುತ್ತಾರೆ. ಮುಗಿಯದ್ದನ್ನು ಆಡಲು ಪ್ರೀತಿ ಬೇಕು.

ಮೊದಲ ಬ್ಯಾಚಿನ ವಿದ್ಯಾರ್ಥಿಗಳೇ, ನಿಮಗೆ ಏನು ಹೇಳಲಿ? ಕೋರ್ಸಿಗೆ ಹೆಸರಿರಲಿಲ್ಲ, ಹಳೆಯ ವಿದ್ಯಾರ್ಥಿಗಳಿರಲಿಲ್ಲ, ಕೆಲಸ ಸಿಗುತ್ತದೆ ಎನ್ನಲು ಒಂದು ಉದಾಹರಣೆ ಕೂಡ ಇರಲಿಲ್ಲ. ನಂಬಿ ಬಂದಿರಿ. ನಿಮಗೆ ಕೊಟ್ಟ ಮೊದಲ ಕೆಲಸ ನೆನಪಿದೆಯಾ? 'ಪಾಂಗ್' ಮಾಡಿ ತನ್ನಿ ಅಂದಿದ್ದೆ. 1972ರಲ್ಲಿ ಅಟಾರಿಗೆ ಹೊಸದಾಗಿ ಸೇರಿದ ಅಲನ್ ಆಲ್ಕಾರ್ನ್ ಅವರಿಗೂ ಅದನ್ನು ಕೈ ಪಳಗಲಿ ಅಂತಲೇ ಕೊಟ್ಟಿದ್ದರು. ಎರಡು ಪಟ್ಟಿ, ಒಂದು ಚೆಂಡು, ಒಂದು ದಿನ ಸಾಕು ಅಂತ ನೀವು ಅಂದುಕೊಂಡಿರಿ. ವಾರ ಆದರೂ ಚೆಂಡು ಬೇಸರ ಹುಟ್ಟಿಸುತ್ತಿತ್ತು. ಆಮೇಲೆ ಆಲ್ಕಾರ್ನ್ ಪಟ್ಟಿಯನ್ನು ಎಂಟು ಭಾಗ ಮಾಡಿ, ಚೆಂಡು ಎಲ್ಲಿ ತಾಗುತ್ತದೆ ಅನ್ನುವುದರ ಮೇಲೆ ಅದು ಸಿಡಿಯುವ ಕೋನ ಬದಲಾಗುವಂತೆ ಮಾಡಿದ್ದು ಗೊತ್ತಾಯಿತು. ಅದನ್ನು ಹಾಕಿದ ಮಧ್ಯಾಹ್ನ ಲ್ಯಾಬಿನಲ್ಲಿ ಎದ್ದ ಗದ್ದಲ ಇನ್ನೂ ಕಿವಿಯಲ್ಲಿದೆ. ಆ ಗದ್ದಲ ಕೇಳಿ ಪ್ರಿನ್ಸಿಪಾಲರು ಬಂದರು. ಬೈಯಲಿಲ್ಲ. ತಾವೂ ಒಂದು ಸುತ್ತು ಆಡಿ ಹೋದರು. ಸರ್, ಬೇರೆಯವರೆಲ್ಲ ಕೇಳುತ್ತಿದ್ದ ಆ ಕೋಣೆಯನ್ನು ನಮಗೇ ಉಳಿಸಿಕೊಟ್ಟಿರಿ. ನಿಮಗೆ ಎಷ್ಟು ಹೇಳಿದರೂ ಕಡಿಮೆ.

ಈಗ ಹೇಳಲು ಕಷ್ಟವಾದ ಒಂದು ಧನ್ಯವಾದ ಇದೆ.

ಮೂರನೇ ಬ್ಯಾಚಿನ ಕೊನೆಯ ಪ್ರಾಜೆಕ್ಟ್ ಸಮಯ. ಒಂದು ತಂಡ ತಮ್ಮ ಕೈಮೀರಿದ ಆಟ ಹಿಡಿದಿತ್ತು. ಹನ್ನೆರಡು ಲೆವೆಲ್, ಮೂರು ಕೊನೆಗಳು. ರಾತ್ರಿ ರಾತ್ರಿ ಲ್ಯಾಬಿನಲ್ಲೇ ಇರುತ್ತಿದ್ದರು, ಕುರ್ಚಿ ಮೇಲೆಯೇ ನಿದ್ದೆ. ನಾನು ಅದನ್ನು ನೋಡಿ ಹೆಮ್ಮೆಪಟ್ಟೆ. ಬೇರೆ ತಂಡಗಳಿಗೆ ಅವರನ್ನೇ ತೋರಿಸಿದೆ. ಕೊನೆಯ ವಾರ ಆ ತಂಡದ ಹುಡುಗಿಯೊಬ್ಬಳು ಜ್ವರ ಬಂದು ಮಲಗಿದಳು. ಆಟ ಮುಗಿಯಿತು, ಒಳ್ಳೆಯ ಅಂಕಗಳೂ ಬಂದವು. ಎರಡು ತಿಂಗಳ ನಂತರ ಅವಳು ನನ್ನ ಹತ್ತಿರ ಬಂದು ನಿಂತಳು. ಜಗಳ ಆಡಲಿಲ್ಲ. 'ಮೇಡಂ, ಅಷ್ಟು ದಿನದಲ್ಲಿ ನೀವು ಒಂದು ಸಲನೂ ಮನೆಗೆ ಹೋಗಿ ಅನ್ನಲಿಲ್ಲ' ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಟದ ಕಂಪನಿಗಳಲ್ಲಿ ಕ್ರಂಚ್, ಅಂದರೆ ಗಡುವಿಗಾಗಿ ಹಗಲು ರಾತ್ರಿ ದುಡಿಸುವ ರೂಢಿ, ಎಷ್ಟು ಜನರನ್ನು ಸುಟ್ಟು ಹೊರಹಾಕಿದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಕಲಿಸುತ್ತಿದ್ದೆ. ಅದು ನನ್ನ ತಪ್ಪು, ಬೇರೆ ಯಾರದ್ದೂ ಅಲ್ಲ. ಅವತ್ತೇ ಕ್ಷಮೆ ಕೇಳಿದೆ, ಇವತ್ತು ಎಲ್ಲರ ಮುಂದೆ ಮತ್ತೆ ಕೇಳುತ್ತೇನೆ. ಆ ವರ್ಷದಿಂದ ಲ್ಯಾಬಿಗೆ ರಾತ್ರಿ ಎಂಟಕ್ಕೆ ಬೀಗ ಬೀಳುತ್ತದೆ. ಆರನೇ ವಾರ ಪ್ರತಿ ತಂಡವೂ ತನ್ನ ಆಟದ ಅರ್ಧವನ್ನು ಕಿತ್ತುಹಾಕಿ ತೋರಿಸಬೇಕು. ಮಕ್ಕಳಿಗೆ ಸಂಕಟವಾಗುತ್ತದೆ, ಕೆಲವರು ಅತ್ತದ್ದೂ ಉಂಟು. ಆದರೆ ಉಳಿದ ಅರ್ಧ ಗಟ್ಟಿಯಾಗುತ್ತದೆ. ನೀನು ಬಾಯಿ ಬಿಟ್ಟು ಹೇಳಿದ್ದರಿಂದ ನಿನ್ನ ನಂತರ ಬಂದ ಬ್ಯಾಚುಗಳೆಲ್ಲ ಮನೆಗೆ ಹೋಗಿ ಮಲಗಿವೆ. ಅಂಕ ಕೊಡುವವರ ಮುಂದೆ ನಿಂತು ಹಾಗೆ ಹೇಳಲು ಎಷ್ಟು ಧೈರ್ಯ ಬೇಕು ಅಂತ ನನಗೆ ಗೊತ್ತು. ನಿನಗೆ ಋಣಿ.

2020ರಲ್ಲಿ ಲ್ಯಾಬ್ ಮುಚ್ಚಿತು. ಕೋರ್ಸ್ ಅಲ್ಲಿಗೇ ನಿಲ್ಲುತ್ತದೆ ಅಂದುಕೊಂಡಿದ್ದೆ. ಅರ್ಧ ಜನರ ಮನೆಯಲ್ಲಿ ಆಟ ಮಾಡುವಷ್ಟು ತಾಕತ್ತಿನ ಕಂಪ್ಯೂಟರ್ ಇರಲಿಲ್ಲ. ಆಗ ಹಳೆಯ ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪುಗಳನ್ನು ಕಿರಿಯರಿಗೆ ಕಳಿಸಿದರು. ಯಾರೂ ಕೇಳಿರಲಿಲ್ಲ, ಅವರವರೇ ಮಾತಾಡಿಕೊಂಡು ಕಳಿಸಿದ್ದು. ಸದ್ದಿನ ಪಾಠ ಮಾಡುವ ನನ್ನ ಸಹೋದ್ಯೋಗಿ ಕಂಬಳಿ ಹೊದ್ದು ಅದರೊಳಗೆ ಕೂತು ಪಾಠ ರೆಕಾರ್ಡ್ ಮಾಡುತ್ತಿದ್ದರು, ಹೊರಗಿನ ಸದ್ದು ಬರಬಾರದು ಅಂತ. ಒಬ್ಬ ಹುಡುಗನಿಗೆ ಫೋನಿನ ಇಂಟರ್ನೆಟ್ ಮಾತ್ರ ಇತ್ತು. ಅವನಿಗೆ ಬಿಲ್ಡ್, ಅಂದರೆ ಆಡಲು ಸಿದ್ಧವಾದ ಆಟದ ಫೈಲು, ಇಳಿಸಿಕೊಳ್ಳಲು ಆಗುತ್ತಿರಲಿಲ್ಲ. ಅವನ ತಂಡ ಒಂದು ಮಾತಿಗೆ ಬಂತು. ಆಟ 50 ಎಂಬಿ ದಾಟಬಾರದು. ಟೆಕ್ಸ್ಚರ್‌ಗಳನ್ನು, ಅಂದರೆ ವಸ್ತುಗಳ ಮೇಲೆ ಹೊದಿಸುವ ಚಿತ್ರಗಳನ್ನು, ಸಣ್ಣದು ಮಾಡಿದರು, ಒಂದೇ ಹಾಡನ್ನು ತುಂಡು ಮಾಡಿ ಬೇರೆ ಬೇರೆ ಕಡೆ ಬಳಸಿದರು. ಆ ಬ್ಯಾಚಿನಲ್ಲಿ ನನ್ನ ಮನಸ್ಸಿಗೆ ಜಾಸ್ತಿ ಹಿಡಿಸಿದ ಆಟ ಅದೇ. ಒಬ್ಬ ಗೆಳೆಯನೂ ಹೊರಗುಳಿಯಬಾರದು ಅಂತ ಮಾಡಿದ ಆಟ ಅದು.

ಪ್ಲೇಟೆಸ್ಟ್ ವಿಡಿಯೋ ಕಾಲ್‌ನಲ್ಲಿ ನಡೆಯುತ್ತಿತ್ತು. ಅಜ್ಜಿಯರು, ಚಿಕ್ಕಪ್ಪಂದಿರು, ಯಾರು ಮನೆಯಲ್ಲಿದ್ದರೋ ಅವರೇ ಆಡುತ್ತಿದ್ದರು. ಕ್ಯಾಮೆರಾ ಮುಖದ ಮೇಲಿತ್ತಲ್ವಾ, ಹಾಗಾಗಿ ಮೊದಲ ಸಲ ನಾವು ಆಟದ ಬದಲು ಆಡುವವರ ಮುಖವನ್ನೇ ನೋಡಿದೆವು. ಹುಬ್ಬು ಯಾವಾಗ ಗಂಟಾಗುತ್ತದೆ, ನಗು ಯಾವಾಗ ಬರುತ್ತದೆ. ಆ ಅಭ್ಯಾಸವನ್ನು ಇವತ್ತಿಗೂ ಬಿಟ್ಟಿಲ್ಲ.

ನಾವು ಕಾಣದ ಜನರೂ ಇದ್ದಾರೆ. 3ಡಿ ಚಿತ್ರ ಮಾಡುವ ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಇಲ್ಲದೆ ನಮ್ಮ ಕೋರ್ಸ್ ಒಂದು ವರ್ಷವೂ ನಡೆಯುತ್ತಿರಲಿಲ್ಲ. 2002ರಲ್ಲಿ ಜನರು 1 ಲಕ್ಷ ಯೂರೊ ಕೂಡಿಸಿ ಅದರ ಕೋಡನ್ನು ಎಲ್ಲರಿಗೂ ಬಿಡಿಸಿಕೊಟ್ಟರು. 2014ರಿಂದ ಗೋಡೊ ಇಂಜಿನ್ ಕೂಡ ಹಾಗೇ ಎಲ್ಲರ ಕೈಗೆ ಸಿಕ್ಕಿತು. ಜನ ತಾವು ಹಿಡಿದ ಸದ್ದುಗಳನ್ನು ಹಂಚಿಕೊಳ್ಳುವ ಫ್ರೀಸೌಂಡ್ ಎಂಬ ವೆಬ್‌ಸೈಟಿನಲ್ಲಿ ಯಾರೋ ಎಲ್ಲೋ ಕಿಟಕಿ ಪಕ್ಕ ಮೈಕ್ ಇಟ್ಟು ಹಿಡಿದ ಮಳೆಯ ಸದ್ದು ನಮ್ಮ ನಾಲ್ಕು ಆಟಗಳಲ್ಲಿ ಸುರಿದಿದೆ. ಅವರು ಯಾರು, ಯಾವ ಊರು, ಗೊತ್ತಿಲ್ಲ. ಮಳೆ ಮಾತ್ರ ನಮ್ಮದಾಯಿತು. ಧನ್ಯವಾದ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ನಿಮ್ಮ ಭಯ ನನಗೆ ಅರ್ಥವಾಗುತ್ತಿತ್ತು. ಒಬ್ಬ ತಂದೆ ಅಡ್ಮಿಷನ್ ದಿನ ನನ್ನನ್ನು ಕೇಳಿದರು, 'ಇದರಲ್ಲಿ ಓದೋದು ಏನಿದೆ?' ಅಂತ. ಅಮೆರಿಕದ ಡಿಜಿಪೆನ್ ಎಂಬ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ ಮಾಡಿದ 'ನಾರ್ಬ್ಯಾಕ್ಯುಲರ್ ಡ್ರಾಪ್' ಎಂಬ ಆಟ ನೋಡಿ ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ಕರೆದುಕೊಂಡಿತು, 2007ರ 'ಪೋರ್ಟಲ್' ಆಟ ಬಂದದ್ದು ಅಲ್ಲಿಂದ, ಅಂತ ವಿವರಿಸಿದೆ. ಅವರ ಮುಖ ಸಡಿಲವಾಗಲಿಲ್ಲ. ಎರಡು ವರ್ಷದ ನಂತರ ಮಗಳ ಪ್ಲೇಟೆಸ್ಟಿಗೆ ಬಂದರು. ಕೆಂಪು, ಹಸಿರು ದೀಪ ನೋಡಿ ಬಾಗಿಲು ತೆರೆಯುವ ಆಟ. ಅವರಿಗೆ ಆಗಲೇ ಇಲ್ಲ. ಅವರಿಗೆ ಆ ಎರಡು ಬಣ್ಣಗಳು ಒಂದೇ ಥರ ಕಾಣುತ್ತಿದ್ದವು. ಮಗಳಿಗೂ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಂದಿನ ವಾರ ಅವಳು ದೀಪಗಳಿಗೆ ಬಣ್ಣದ ಜೊತೆ ಆಕಾರ ಕೊಟ್ಟಳು, ಒಂದು ಗುಂಡು, ಒಂದು ಚೌಕ. ತಂದೆ ಬಂದು ಬಾಗಿಲು ತೆರೆದರು. 'ಓದೋದು ಇದೆ ಮೇಡಂ' ಅಂದರು. ಇವತ್ತು ನಮ್ಮ ಎಲ್ಲ ಆಟಗಳಲ್ಲೂ ಬಣ್ಣದ ಜೊತೆ ಆಕಾರ ಇರಲೇಬೇಕು. ಆ ನಿಯಮ ಬಂದದ್ದು ನಿಮ್ಮಿಂದ ಸರ್.

ಹೋದ ವಾರದ ಚಪ್ಪಾಳೆ ಮುಗಿದ ಮೇಲೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಮೊದಲ ಬ್ಯಾಚಿನವರಿಗೆ ಹೇಳಿದೆ. ಅವರು ಹಳೆಯ ಪ್ರಾಜೆಕ್ಟ್ ಹುಡುಕಿ ತೆಗೆದರು. ಇಂಜಿನ್ನಿನ ಹೊಸ ಆವೃತ್ತಿಯಲ್ಲಿ ಅದು ತೆರೆಯಲಿಲ್ಲ. ಹಳೆಯದನ್ನೇ ಹಾಕಿಕೊಂಡು, ಮೂರು ದಿನ ಕೂತು, ಆಟ ಆಡಿ ನೋಡಿದವರ ಹೆಸರುಗಳನ್ನೆಲ್ಲ ಸೇರಿಸಿದರು. ಈಗ ಪಟ್ಟಿ ಮುಗಿಯಲು ಮೂರು ನಿಮಿಷ ಬೇಕು. ಮೊದಲ ಹೆಸರು ಅಕ್ಕನದು.

ಮೊನ್ನೆ ಅಕ್ಕನನ್ನು ಕರೆದು ಕೂರಿಸಿ ತೋರಿಸಿದೆವು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಪರದೆ ಹತ್ತಿರ ಹೋಗಿ ಬೆರಳಿಟ್ಟು, 'ಇಲ್ಲಿ ಒತ್ತು ಪಕ್ಕಕ್ಕೆ ಹೋಗಿದೆ' ಅಂದರು. ನಿಜ. ಹಳೆಯ ಇಂಜಿನ್ನಿಗೆ ಕನ್ನಡದ ಒತ್ತಕ್ಷರ ಕೂರಿಸಲು ಬರುತ್ತಿರಲಿಲ್ಲ. ಅಕ್ಷರದ ಕೆಳಗೆ ಇರಬೇಕಾದದ್ದು ಬದಿಗೆ ಬಂದು ನಿಂತಿತ್ತು. ನಾವು ಇಷ್ಟು ಜನ ನೋಡಿದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಸಂಜೆಯೇ ಹುಡುಗರು ಎಲ್ಲ ಹೆಸರುಗಳನ್ನೂ ಒಂದೊಂದಾಗಿ ಚಿತ್ರ ಮಾಡಿ ಹಾಕಿದರು.

ಈಗ ಸರಿಯಾಗಿದೆ ಅಕ್ಕ. ಬಂದು ನೋಡಿ.