ಶನಿವಾರದ ಅಕ್ಷರ-ಅಂಕಿ ಸ್ಪರ್ಧೆ ಮತ್ತು ‘ಮನೆಗೆಲಸದವರು’ ಎಂಬ ಪದದ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರ ನಮ್ಮ ಶಾಲೆಯಲ್ಲಿ ನಡೆದ ಅಕ್ಷರ-ಅಂಕಿ ಸ್ಪರ್ಧೆಯ ಫೈನಲ್ ಬಗ್ಗೆ, ಅದರಲ್ಲೂ ‘ಮನೆಗೆಲಸದವರು’ ಎಂಬ ಪದಕ್ಕೆ ಬಹುವಚನ ಎಂದು ಅಂಕ ಕೊಡದಿದ್ದುದರ ಬಗ್ಗೆ ನಿಮ್ಮಲ್ಲಿ ಬಿಸಿಬಿಸಿ ಚರ್ಚೆ ನಡೆದಿದೆ ಎಂದು ಕೇಳಿದೆ. ಸೋಮವಾರ ಬೆಳಿಗ್ಗೆ ನಾನು ಗೇಟು ದಾಟುವ ಮೊದಲೇ ಮೂವರು ತಡೆದು ನಿಲ್ಲಿಸಿದರು. ಒಬ್ಬರು ಫಲಿತಾಂಶ ತಪ್ಪು ಎಂದರು, ಇನ್ನೊಬ್ಬರು ಸರಿ ಎಂದರು. ಮೂರನೆಯವರು ಎಲ್‌ಕೆಜಿ ಅರ್ಜಿ ಕೇಳಲು ಬಂದವರು, ಪಾಪ. ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವ ಬದಲು ನಡೆದದ್ದನ್ನು ನಡೆದ ಹಾಗೇ ಬರೆದುಬಿಡೋಣ ಅನ್ನಿಸಿತು. ಪತ್ರ ಉದ್ದವಾಗಿದೆ, ಕ್ಷಮೆ ಇರಲಿ.

ಮೊದಲು ಆಟದ ವಿಷಯ, ಅಂದು ಬಾರದಿದ್ದವರಿಗಾಗಿ. ಇದು ನಾವು ಕಂಡುಹಿಡಿದ ಆಟವಲ್ಲ. ಬ್ರಿಟನ್ನಿನಲ್ಲಿ ‘ಕೌಂಟ್‌ಡೌನ್’ ಎಂಬ ಟಿ.ವಿ. ಕಾರ್ಯಕ್ರಮ ಇದೆ. 1982ರ ನವೆಂಬರ್ 2ರಂದು ಅಲ್ಲಿನ ಚಾನೆಲ್ 4 ಶುರುವಾದಾಗ ಮೊಟ್ಟಮೊದಲು ಪ್ರಸಾರವಾದದ್ದೇ ಇದು, ಇವತ್ತಿಗೂ ನಿಂತಿಲ್ಲ. ಅದರ ಬೇರು ಫ್ರಾನ್ಸಿನಲ್ಲಿ, 1965ರ ಒಂದು ಪದಗಳ ಆಟದಲ್ಲಿ. ಅಂಕಿಗಳು ಆಮೇಲೆ ಸೇರಿದವು. ಒಂಬತ್ತು ಅಕ್ಷರ ಕೊಡುತ್ತಾರೆ, ಮೂವತ್ತು ಸೆಕೆಂಡಿನಲ್ಲಿ ಅದರಿಂದ ಆದಷ್ಟು ಉದ್ದದ ಪದ ಕಟ್ಟಬೇಕು. ಅಂಕಿಯ ಸುತ್ತಿನಲ್ಲಿ ಆರು ಸಂಖ್ಯೆ ಕೊಟ್ಟು, ಕೂಡಿ ಕಳೆದು ಗುಣಿಸಿ ಭಾಗಿಸಿ ಒಂದು ಮೂರಂಕಿಯ ಗುರಿಯನ್ನು ಮುಟ್ಟಿ ಎನ್ನುತ್ತಾರೆ. ಸರಿಯಾಗಿ ಮುಟ್ಟಿದರೆ 10 ಅಂಕ, ಐದರೊಳಗೆ ಬಂದರೆ 7, ಹತ್ತರೊಳಗೆ ಬಂದರೆ 5. ಕೊನೆಗೆ ಕಲಸಿಟ್ಟ ಅಕ್ಷರಗಳ ಒಂದು ಪದ. ಮೊದಲು ಬಿಡಿಸಿದವರಿಗೆ 10. ಇದಕ್ಕೆ ನಮ್ಮ ಮಕ್ಕಳು ‘ಗೋಜಲು’ ಎಂದು ಹೆಸರಿಟ್ಟಿದ್ದಾರೆ, ಅವರ ಇಂಗ್ಲಿಷ್ ಹೆಸರಿಗಿಂತ ಇದೇ ಚೆನ್ನಾಗಿದೆ.

ಬಹುಮಾನದ ಮಟ್ಟಿಗೆ ಮಾತ್ರ ನಾವು ಬ್ರಿಟನ್ನಿನವರೆಗೆ ಹೋಗಲಿಲ್ಲ. 2002ರಿಂದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ‘ಥಟ್ ಅಂತ ಹೇಳಿ’ಯಲ್ಲಿ ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾ ಬಂದದ್ದನ್ನು ನೋಡುತ್ತಲೇ ಬೆಳೆದ ಮೇಷ್ಟ್ರುಗಳು ನಮ್ಮಲ್ಲಿದ್ದಾರೆ. ಹಾಗಾಗಿ ಕಪ್ಪು, ಮೆಡಲು ಇಲ್ಲ. ಗೆದ್ದವರಿಗೆ ಮೂರು ಪುಸ್ತಕ, ಎರಡನೆಯವರಿಗೆ ಎರಡು.

ಅಂಕಿಯ ಆಟಕ್ಕೆ ಭಾಷೆಯಿಲ್ಲ, ಹೆಚ್ಚುಕಡಿಮೆ ಇದ್ದಂತೆಯೇ ತಂದೆವು. ಅಲ್ಲಿ ಗುರಿಗೆ ಹೆಚ್ಚು ಹತ್ತಿರ ಬಂದವರಿಗಷ್ಟೇ ಅಂಕ, ನಮ್ಮಲ್ಲಿ ಇಬ್ಬರಿಗೂ. ತೊಡಕಾದದ್ದು ಅಕ್ಷರದ ಆಟ. ಇಂಗ್ಲಿಷಿನಲ್ಲಿ ಸ್ವರಕ್ಕೊಂದು ಕಾರ್ಡು, ವ್ಯಂಜನಕ್ಕೊಂದು ಕಾರ್ಡು. ನಮ್ಮಲ್ಲಿ ಸ್ವರ ವ್ಯಂಜನದ ತಲೆಯ ಮೇಲೋ ಬಗಲಲ್ಲೋ ಕೂತಿರುತ್ತದೆ. ಮೂರು ವಾರ ಒದ್ದಾಡಿ ಒಂದು ದಾರಿ ಮಾಡಿಕೊಂಡೆವು: ಕಾರ್ಡಿನ ಮೇಲೆ ವ್ಯಂಜನ ಮಾತ್ರ, ಯಾವ ಗುಣಿತ ಬೇಕಾದರೂ ಹಚ್ಚಿಕೊಳ್ಳಬಹುದು, ಒತ್ತಕ್ಷರಕ್ಕೆ ಬೇರೆ ಕಾರ್ಡು ಬೇಕು, ಸೊನ್ನೆ ಪುಕ್ಕಟೆ. ಎಷ್ಟು ಕಾರ್ಡು ಬಳಸಿದರೆ ಅಷ್ಟು ಅಂಕ. ಇಬ್ಬರಲ್ಲಿ ಉದ್ದದ ಪದ ಬರೆದವರಿಗಷ್ಟೇ ಅಂಕ, ಸಮವಾದರೆ ಇಬ್ಬರಿಗೂ.

ಬಹುವಚನದ ಪ್ರಶ್ನೆ ಬಂದದ್ದು ಇಲ್ಲಿ. ಇಂಗ್ಲಿಷಿನ ಆಟದಲ್ಲಿ ಬಹುವಚನಕ್ಕೆ ಅಡ್ಡಿಯಿಲ್ಲ, ಹೆಚ್ಚೆಂದರೆ ಒಂದೆರಡು ಅಕ್ಷರ ಉದ್ದವಾಗುತ್ತದೆ. ಕನ್ನಡದಲ್ಲಿ ಬಾಗಿಲು ತೆರೆದರೆ ಮುಗಿಯಿತು, ‘ಹುಡುಗರಿಗೋಸ್ಕರವಾದರೂ’ ಎಂದು ರೈಲು ಬೋಗಿಯಂತೆ ಜೋಡಿಸುತ್ತಲೇ ಹೋಗಬಹುದು. ಅಭ್ಯಾಸದ ದಿನ ಐದನೇ ತರಗತಿಯ ಒಬ್ಬ ಮಹಾಶಯ ಹಾಗೆಯೇ ಮಾಡಿ ಒಂಬತ್ತೂ ಕಾರ್ಡು ಖಾಲಿ ಮಾಡಿದ. ಅಂದು ಸಂಜೆಯೇ ನಾನು ನಿಯಮ ಬರೆದೆ: ‘ಪ್ರಥಮಾ ವಿಭಕ್ತಿ, ಏಕವಚನ ಮಾತ್ರ.’ ಬರೆದವಳು ನಾನು, ಇದು ನೆನಪಿರಲಿ.

ಇನ್ನು ಶನಿವಾರ. ಹತ್ತೂವರೆಗೆ ಶುರುವಾಗಬೇಕಿತ್ತು, ಹತ್ತಕ್ಕೇ ಕರೆಂಟು ಹೋಯಿತು. ಪ್ರೊಜೆಕ್ಟರ್ ಮೇಲೆ ಮಕ್ಕಳು ಮಾಡಿಟ್ಟಿದ್ದ ಗಡಿಯಾರದ ಆಸೆ ಬಿಟ್ಟು ಪಿ.ಟಿ. ಸರ್ ಸ್ಟಾಪ್‌ವಾಚು, ಸೀಟಿ ಹಿಡಿದು ನಿಂತರು. ಬಜರ್ ಬದಲು ಇಬ್ಬರ ಮುಂದೆಯೂ ಒಂದೊಂದು ಸ್ಟೀಲ್ ಲೋಟ, ಒಂದೊಂದು ಚಮಚ. ಕಾರ್ಡುಗಳು ಹಳೆಯ ಮದುವೆ ಪತ್ರಿಕೆಗಳ ಹಿಂಬದಿಯವು. ಕಿಟಕಿಯ ಬೆಳಕಿನಲ್ಲಿ ಜರಿ ಗಣಪತಿ ಮಿಂಚಿದರೆ ಅಕ್ಷರ ಕಾಣುತ್ತಿರಲಿಲ್ಲ, ಹಿಂದಿನ ಸಾಲಿನವರು ‘ಯಾವ ಅಕ್ಷರ ಮಿಸ್?’ ಎಂದು ಕೂಗುತ್ತಲೇ ಇದ್ದರು.

ಫೈನಲಿಗೆ ಬಂದವರು ಏಳನೇ ತರಗತಿಯ ಒಬ್ಬ ಹುಡುಗಿ, ಆರನೇ ತರಗತಿಯ ಒಬ್ಬ ಹುಡುಗ. ಹೆಸರು ಬರೆಯುವುದಿಲ್ಲ, ನಿಮಗೆಲ್ಲ ಗೊತ್ತು, ಆ ಮಕ್ಕಳ ಹೆಸರು ಈಗಾಗಲೇ ಸಾಕಷ್ಟು ಬಾಯಿಗೆ ಬಿದ್ದಿದೆ. ಮೊದಲ ಮೂರು ಅಕ್ಷರದ ಸುತ್ತು ಸಮಸಮ. ಅಂಕಿಯ ಎರಡು ಸುತ್ತಿನಲ್ಲಿ ಹುಡುಗಿ ಒಮ್ಮೆ ಗುರಿಗೆ ಮೂರು ಕಡಿಮೆ ಬಂದಳು. ಹಾಗಾಗಿ 36–33, ಹುಡುಗ ಮುಂದೆ.

ಮೂರನೆಯ ಅಂಕಿಯ ಸುತ್ತನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಅಂದಿನ ಅತ್ಯಂತ ಖುಷಿಯ ಗಳಿಗೆ ಅದು, ಜಗಳದ ಗದ್ದಲದಲ್ಲಿ ಎಲ್ಲರೂ ಮರೆತಿದ್ದಾರೆ. ಸಂಖ್ಯೆಗಳು 75, 50, 8, 6, 3, 2. ಗುರಿ 437. ಹುಡುಗಿ ಹತ್ತು ಸೆಕೆಂಡಿಗೆ ಪೆನ್ಸಿಲ್ ಕೆಳಗಿಟ್ಟಳು. ಹುಡುಗ ಸೀಟಿ ಊದುವವರೆಗೂ ಗೀಚುತ್ತಿದ್ದ. ಅವಳದು: 75 ಆರಲೇ 450, ಅದರಲ್ಲಿ 8, 3, 2 ಕಳೆದರೆ 437. ಅವನದು: 50 ಎಂಟಲೇ 400, 75ನ್ನು 3ರಿಂದ ಭಾಗಿಸಿದರೆ 25, 6 ಎರಡಲೇ 12, ಮೂರನ್ನೂ ಕೂಡಿದರೆ 437. ಆರೂ ಸಂಖ್ಯೆ ಖರ್ಚು! ಅವಳು 50ನ್ನು ಮುಟ್ಟಲೇ ಇಲ್ಲ. ಇಬ್ಬರಿಗೂ ಹತ್ತು ಹತ್ತು ಅಂಕ. ‘ಇಷ್ಟು ಸುಲಭ ಇತ್ತಾ’ ಎಂದು ಅವನು ಅವಳ ಹಾಳೆ ನೋಡಿ ಹಣೆ ಚಚ್ಚಿಕೊಂಡ.

ಗಣಿತದ ಸರ್ ಇಂಥದ್ದನ್ನು ಬಿಡುವವರಲ್ಲ. ಆ ಬ್ರಿಟಿಷ್ ಕಾರ್ಯಕ್ರಮದಲ್ಲಿ 1997ರಲ್ಲಿ ಒಬ್ಬ ಸ್ಪರ್ಧಿ 25, 50, 75, 100, 3, 6 ಇಟ್ಟುಕೊಂಡು 952 ಮುಟ್ಟಿದ್ದನ್ನು ಅಲ್ಲೇ ಬೋರ್ಡಿನ ಮೇಲೆ ಬರೆದರು: 100ಕ್ಕೆ 6 ಕೂಡಿಸಿ ಮೂರರಿಂದ ಗುಣಿಸಿದರೆ 318, ಅದನ್ನು 75ರಿಂದ ಗುಣಿಸಿದರೆ 23,850, 50 ಕಳೆದು 25ರಿಂದ ಭಾಗಿಸಿದರೆ 952. ಮೂವತ್ತು ಸೆಕೆಂಡು ಸಾಲದು ಎಂದು ಗೊಣಗುವ ಮಕ್ಕಳಿಗೆ ಅವರು ಹೇಳುವ ಇನ್ನೊಂದು ಕಥೆಯೂ ಇದೆ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿದ್ದು 28 ಸೆಕೆಂಡಿನಲ್ಲಿ. ‘ಇನ್ನೂ ಎರಡು ಸೆಕೆಂಡು ಉಳಿದಿತ್ತು ನೋಡ್ರೋ’ ಎನ್ನುತ್ತಾರೆ.

ಸರಿ, 46–43. ಕೊನೆಯ ಅಕ್ಷರದ ಸುತ್ತು. ಕಾರ್ಡುಗಳು ಬಿದ್ದ ಕ್ರಮ: ಮ, ಗ, ನ, ಲ, ವ, ಸ, ಕ, ದ, ರ.

ಹುಡುಗಿ ‘ಮರಗೆಲಸ’ ಬರೆದಳು. ಐದು ಕಾರ್ಡು. ಹುಡುಗ ‘ಮನೆಗೆಲಸದವರು’ ಬರೆದ. ಎಂಟು ಕಾರ್ಡು! ‘ಕ’ ಒಂದು ಬಿಟ್ಟು ಎಲ್ಲವೂ. ‘ಮನೆ ಕೆಲಸ’ ಎಂದು ಬರೆದಿದ್ದರೆ ಎರಡು ಪದವಾಗುತ್ತಿತ್ತು. ಹಿಂದಿನ ತಿಂಗಳು ಕಲಿತ ಆದೇಶಸಂಧಿಯನ್ನು ನೆನೆದು ‘ಕ’ಕಾರಕ್ಕೆ ‘ಗ’ಕಾರ ಮಾಡಿದ್ದಾನೆ. ಕನ್ನಡ ಮೇಡಂ ಮುಖ ಅರಳಿತು. ಮರುಕ್ಷಣ ನನ್ನ ನಿಯಮದ ಹಾಳೆ ನೋಡಿ ಬಾಡಿತು. ‘ಪದ ಚೆನ್ನಾಗಿದೆ ಕಂದ, ಆದರೆ ಇದು ಬಹುವಚನ. ಕೊಡೋಕಾಗಲ್ಲ’ ಎಂದರು.

ಹುಡುಗ ಅಳಲಿಲ್ಲ, ವಾದ ಮಾಡಿದ. ‘ಮಿಸ್, ಅದು ಬಹುವಚನ ಅಲ್ಲ. ಒಬ್ಬರೇ. ಮರ್ಯಾದೆಗೆ ಹಾಗನ್ನೋದು.’

ಅಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಹಾಲ್ ಸುಮ್ಮನಾಯಿತು. ಮೇಡಂ ನನ್ನ ಕಡೆ ನೋಡಿದರು. ಅದನ್ನು ವ್ಯಾಕರಣದಲ್ಲಿ ಗೌರವಾರ್ಥಕ ಬಹುವಚನ ಅನ್ನುತ್ತೇವೆ, ರೂಪ ಬಹುವಚನದ್ದೇ, ನಿಯಮದಲ್ಲಿ ಏಕವಚನ ಎಂದಿದೆ, ಎಂದು ನಾನು ಹೇಳಿದೆ. ಹೇಳುವಾಗಲೇ ನನಗೆ ಅಷ್ಟು ಸಮಾಧಾನ ಇರಲಿಲ್ಲ. ಅವನಿಗೆ ಸೊನ್ನೆ, ಅವಳಿಗೆ 5. ಅಲ್ಲಿಗೆ 48–46, ಹುಡುಗಿ ಮುಂದೆ.

ಗೋಜಲಿನ ಅಕ್ಷರಗಳು: ಲ, ವ, ಸ, ಕ್ಕಿ, ಮೊ, ರ. ಆರನೇ ಸೆಕೆಂಡಿಗೇ ಹುಡುಗ ಲೋಟ ಬಾರಿಸಿದ. ‘ಮೊಸರಕ್ಕಿ...’ ಎಂದ, ನಿಂತ. ಕೈಯಲ್ಲಿ ‘ವ’ ಮತ್ತು ‘ಲ’ ಉಳಿದಿತ್ತು. ಲೋಟ ಬಾರಿಸಿದ ಮೇಲೆ ಯೋಚಿಸಲು ಸಮಯ ಇಲ್ಲ, ಮಿಕ್ಕ ಸಮಯ ಎದುರಾಳಿಗೆ. ಹುಡುಗಿಗೆ ಅರ್ಧ ದಾರಿ ಅವನೇ ತೋರಿಸಿಕೊಟ್ಟಂತಾಯಿತು. ಎರಡು ಸೆಕೆಂಡೂ ಆಗಿರಲಿಲ್ಲ, ‘ಮೊಸರವಲಕ್ಕಿ!’ ಎಂದಳು. 58–46.

ನೋಡಿದರೆ ಹನ್ನೆರಡು ಅಂಕದ ಗೆಲುವು. ಆದರೆ ಲೆಕ್ಕ ಗೊತ್ತಿರುವ ಪೋಷಕರು ಸುಮ್ಮನಿರುತ್ತಾರೆಯೇ? ಆ ಎಂಟು ಅಂಕ ಕೊಟ್ಟಿದ್ದರೆ ಹುಡುಗ 54, ಹುಡುಗಿ 43. ಗೋಜಲು ಬಿಡಿಸಿದರೂ 53. ಒಂದೇ ಒಂದು ಅಂಕಕ್ಕೆ ಅವನು ಗೆಲ್ಲುತ್ತಿದ್ದ. ಈ ಲೆಕ್ಕ ಸರಿಯಾಗಿದೆ, ನಾನೂ ಎರಡು ಸಲ ಮಾಡಿ ನೋಡಿದೆ.

ಇನ್ನೊಂದನ್ನೂ ನಿಮ್ಮಲ್ಲೇ ಒಬ್ಬರು ಹಿಡಿದಿದ್ದಾರೆ, ಅವರಿಗೆ ನನ್ನ ಸಲಾಮು. ಅದೇ ಎಂಟು ಕಾರ್ಡುಗಳಲ್ಲಿ ‘ಮರಗೆಲಸದವನು’ ಎಂದೂ ಬರೆಯಬಹುದಿತ್ತಂತೆ. ಕೂಡಿಸಿ ನೋಡಿ, ಹೌದು. ಅದು ಏಕವಚನ, ನಿಯಮಕ್ಕೆ ಸರಿ, ಎಂಟಕ್ಕೆ ಎಂಟು ಅಂಕ. ಅಂದರೆ ದುಡಿಯುವವನನ್ನು ‘ಅವನು’ ಎಂದರೆ ನನ್ನ ನಿಯಮ ಅಂಕ ಕೊಡುತ್ತದೆ, ‘ಅವರು’ ಎಂದರೆ ಕಿತ್ತುಕೊಳ್ಳುತ್ತದೆ. ಭಾನುವಾರ ರಾತ್ರಿ ಇದನ್ನು ಓದಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಹುಡುಗನನ್ನು ಕರೆದು ಕೇಳಿದೆ, ‘ರ’ ಬದಲು ‘ಳ’ ಕಾರ್ಡು ಬಿದ್ದಿದ್ದರೆ ‘ಮನೆಗೆಲಸದವಳು’ ಬರೀತಿದ್ಯಾ ಎಂದು. ‘ನಮ್ಮನೇಲಿ ಹಾಗನ್ನಲ್ಲ ಮಿಸ್’ ಎಂದ. ಮಾತು ಅಲ್ಲಿಗೇ ಮುಗಿಯಿತು.

‘ಹುಡುಗನಿಗೆ ಬೇರೆ ಪದವೇ ಸಿಗಲಿಲ್ಲವೇ’ ಎಂದು ಪೋಷಕರ ಮೊಬೈಲ್ ಗುಂಪಿನಲ್ಲಿ ನಗುವ ಚಿತ್ರ ಹಾಕಿ ಬರೆದವರಿಗೆ ಒಂದು ಮಾತು. ನಮ್ಮ ಶಾಲೆಯ ಎಷ್ಟೋ ತಾಯಂದಿರು ಬೆಳಗಿನ ಐದೂವರೆಗೆ ಎದ್ದು, ಎರಡು ಮನೆ ಪಾತ್ರೆ ತೊಳೆದು, ಮಗುವಿಗೆ ಜಡೆ ಹಾಕಿ ಎಂಟೂಕಾಲಿಗೆ ಗೇಟಿನ ಹತ್ತಿರ ಬಿಟ್ಟು ಮೂರನೆಯ ಮನೆಗೆ ಓಡುತ್ತಾರೆ. ಅವರೂ ಅದೇ ಗುಂಪಿನಲ್ಲಿದ್ದಾರೆ, ಅವರಿಗೂ ಓದಲು ಬರುತ್ತದೆ. ಆ ಸಾಲನ್ನು ದಯವಿಟ್ಟು ಅಳಿಸಿ. ಮಕ್ಕಳ ಮುಖ ಕಾಣುವ ವಿಡಿಯೊಗಳನ್ನೂ.

ಈಗ ತೀರ್ಮಾನ. ಫಲಿತಾಂಶ ಬದಲಾಗುವುದಿಲ್ಲ. ನಿಯಮವನ್ನು ಆಟಕ್ಕೆ ಮೊದಲು ಓದಿ ಹೇಳಿದ್ದೆವು, ಇಬ್ಬರೂ ಒಪ್ಪಿ ಕೂತಿದ್ದರು. ಹುಡುಗಿ ಅದೇ ನಿಯಮಕ್ಕೆ ಕಟ್ಟುಬಿದ್ದು ಆಡಿ ಗೆದ್ದಿದ್ದಾಳೆ, ಅವಳದೇನೂ ತಪ್ಪಿಲ್ಲ. ಅವಳ ಗೆಲುವನ್ನು ‘ಕೊಟ್ಟ ಗೆಲುವು’ ಎನ್ನುವವರು ಆ 437ನ್ನು ಹತ್ತು ಸೆಕೆಂಡಿನಲ್ಲಿ ಮಾಡಿ ತೋರಿಸಿ, ಆಮೇಲೆ ಮಾತಾಡೋಣ. ಕನ್ನಡ ಮೇಡಂ ತಪ್ಪೂ ಇಲ್ಲ, ಅವರು ಬರೆದದ್ದನ್ನು ಪಾಲಿಸಿದರು. ತಪ್ಪು ಬರೆದವಳದು. ಹಾಗಾಗಿ ಹುಡುಗನಿಗೂ ಮೂರು ಪುಸ್ತಕ. ಮೂರನೆಯದರ ದುಡ್ಡು ನನ್ನದು, ಶಾಲೆಯದಲ್ಲ.

ಮುಂದಿನ ವರ್ಷಕ್ಕೆ ಗೌರವದ ‘ರು’ವನ್ನು ಒಪ್ಪಬೇಕೆಂದು ನನ್ನ ಆಸೆ. ಆದರೆ ‘ಮೇಷ್ಟ್ರು’, ‘ದೇವರು’ ಇವುಗಳನ್ನು ಏನು ಮಾಡುವುದು, ‘ಹುಡುಗರು’ ಎಂದು ಬರೆದವನು ಅದೂ ಮರ್ಯಾದೆಗೇ ಎಂದರೆ ಏನು ಮಾಡುವುದು ಎಂದು ಮೇಡಂ ಕೇಳುತ್ತಿದ್ದಾರೆ. ಇಂಥ ಪ್ರಶ್ನೆಗಳಿಗೆಂದೇ ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಇದ್ದರು. 2021ರಲ್ಲಿ, 107ರ ವಯಸ್ಸಿನಲ್ಲಿ ಅವರು ಹೋದ ಮೇಲೆ ಒಂದು ಕಾರ್ಡು ಗೀಚಿ ಕೇಳೋಣ ಎಂದರೆ ವಿಳಾಸವೇ ಇಲ್ಲದಂತಾಗಿದೆ. ನಮ್ಮ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಇದೆ. ಬರುವ ಶನಿವಾರ ಹನ್ನೊಂದಕ್ಕೆ ಅದನ್ನು ಮೇಜಿನ ಮೇಲಿಟ್ಟುಕೊಂಡು ನಿಯಮ ತಿದ್ದಲು ಕೂರುತ್ತೇವೆ. ವಾದ ಇರುವ ಪೋಷಕರು ಬನ್ನಿ, ಕಾಫಿ ಇರುತ್ತದೆ. ಸ್ಪರ್ಧಿಗಳಿಬ್ಬರೂ ಬರುತ್ತೇವೆ ಎಂದಿದ್ದಾರೆ.

ಅಂದಹಾಗೆ, ಹುಡುಗಿ ಮಂಗಳವಾರ ನನ್ನ ಕೋಣೆಗೆ ಬಂದಿದ್ದಳು. ‘ಮಿಸ್, ಅವನ ಪದ ಸರಿ ಇತ್ತಲ್ವಾ?’ ಎಂದಳು. ಸರಿ ಇತ್ತು ಎಂದೆ. ‘ಆದರೂ ನಾನೇ ಗೆದ್ದಿದ್ದು?’ ಹೌದು ಎಂದೆ. ‘ಅದು ಹೇಗೆ?’ ಎಂದಳು. ಅಷ್ಟರಲ್ಲಿ ಬೆಲ್ ಹೊಡೆಯಿತು, ನಾನು ಕ್ಲಾಸಿಗೆ ಹೋಗು ಎಂದೆ. ಶನಿವಾರ ಮತ್ತೆ ಕೇಳುತ್ತಾಳೆ, ಬಿಡುವವಳಲ್ಲ.

ಬರುವಾಗ ಮನೆಯಲ್ಲಿ ಹಳೆಯ ಮದುವೆ ಪತ್ರಿಕೆಗಳಿದ್ದರೆ ತನ್ನಿ. ಜರಿ ಇಲ್ಲದವು ಒಳ್ಳೆಯದು.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಬೆಂಗಳೂರು